ಹಳೆ ವಾಡೆ ಅಂಗಳದ ಇಟ್ಟಂಗಿ ಹಾಸು ಕೆಟ್ಟಾಗ ಕಾರಣ ಹುಡುಕೋದು ಹೆಂಗ

ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡಿ, ಹಂಗ ಮಾನ್ವಿ ಸಿಂಧನೂರು ಸಿರುಗುಪ್ಪ ತನಕ ಹಳೆ ವಾಡೆಗಳನ್ನ ಮತ್ತ ಸರಿ ಮಾಡಿಸೋ ಮಂದಿ ಈಗ ಹೆಚ್ಚಾಗ್ಯಾರ, ಇದು ಭಾಳ ಖುಷಿ ವಿಷಯ. ಅಂಗಳದಾಗ ನಡುವ ಯಾವಾಗೋ ಹಾಕಿದ್ದ ಸಿಮೆಂಟ್ ಕಾಂಕ್ರೀಟ್ ಕಿತ್ತು, ಹಳೆ ಪದ್ಧತಿ ಪ್ರಕಾರ ಸುಟ್ಟ ಮಣ್ಣಿನ ಇಟ್ಟಂಗಿ ಹಾಸ್ತಾರ, ತುಳಸಿ ಕಟ್ಟಿ ಸುತ್ತ, ಬಾವಿ ಕಡಿ ಹೋಗೋ ದಾರಿ, ಅಗಸಿ ಬಾಗಿಲದಿಂದ ಪಡಸಾಲಿ ತನಕ. ಹಾಸಿದ ದಿನ ನೋಡಾಕ ಭಾಳ ಚಂದ. ಒಂದು ಮಳಿಗಾಲ ಒಂದು ಬ್ಯಾಸಗಿ ಕಳೀತಂದ್ರ ಕೆಲವು ಕಡಿ ಬಿಳಿ ಉಪ್ಪು ಮೂಡ್ತೈತಿ, ಕೆಲವು ಕಡಿ ಕುಸೀತೈತಿ, ಕೆಲವು ಕಡಿ ಮುಖ ಉದುರ್ತೈತಿ. ಆಗ ಗೌಂಡಿ ಕರೆಸಿ ಕೆಟ್ಟ ಇಟ್ಟಂಗಿ ತಗದು ಬ್ಯಾರೆ ಹಾಕಿಸ್ತಾರ, ಮುಂದಿನ ವರ್ಷ ಅದೇ ಜಾಗಾದಾಗ ಮತ್ತ ಅದೇ ಕತಿ.

ನಾ ನೋಡಿದ ಮಟ್ಟಿಗೆ ಇಟ್ಟಂಗಿದೇ ತಪ್ಪು ಇರೋದು ಕಡಿಮಿ. ನೀರು ಎಲ್ಲಿಂದ ಬರ್ತೈತಿ, ಎಲ್ಲಿಗೆ ಹೋಗ್ತೈತಿ, ಕೆಳಗ ಎಂಥಾ ಮಣ್ಣು ಐತಿ, ಸಂದಿಗೆ ಏನು ತುಂಬ್ಯಾರ, ಈ ನಾಲ್ಕು ನೋಡಿದ್ರ ಹೆಚ್ಚುಕಮ್ಮಿ ಎಲ್ಲಾ ಕಾರಣ ಸಿಗ್ತೈತಿ. ಅದಕ್ಕ ಒಂದು ಇಟ್ಟಂಗಿನೂ ಎಬ್ಬಿಸೋ ಮೊದಲ ಇದನ್ನ ಓದ್ರಿ.

ಬೇಕಾಗೋ ಸಾಮಾನು ಭಾಳ ಇಲ್ಲ. ನೀರು ತುಂಬಿದ ಬಕೆಟ್, ಗೌಂಡಿ ಹತ್ರ ಇರೋ ಲೆವೆಲ್ ಪೈಪ್, ಕಟಗಿ ಸುತ್ತಿಗಿ, ಒಂದು ತೆಳು ಕಬ್ಬಿಣದ ಸಲಾಕಿ, ಎರಡಡಿ ಎರಡಡಿ ಪ್ಲಾಸ್ಟಿಕ್ ಹಾಳಿ, ಟೇಪು. ಫೋನಿನ್ಯಾಗ ತಾರೀಖು ಸಮೇತ ಫೋಟೋ ಹೊಡೀತಾ ಹೋಗ್ರಿ, ಉಪ್ಪಿನ ಕಲಿ ಬೆಳೀತಾ ಐತೋ ಕುಗ್ತಾ ಐತೋ ಅನ್ನೋದು ನೆನಪಿನಿಂದ ಹೇಳಾಕ ಆಗಂಗಿಲ್ಲ. ಮತ್ತ ಎಬ್ಬಿಸೋವಾಗ ಬರಿಗೈ ಹಾಕಬ್ಯಾಡ್ರಿ, ಹಳೆ ಹಾಸಿನ ಕೆಳಗ ಚೇಳು ಇರೋದು ನಮ್ಮ ಕಡಿ ಮಾಮೂಲಿ, ಹಾವೂ ಇರಬಹುದು. ಮೊದಲು ಹಾರಿಯಿಂದ ಎತ್ತಿ ನೋಡಿ ಆಮ್ಯಾಲೆ ಕೈ ಹಾಕ್ರಿ, ಕೈಗವಸು, ಬೂಟು ಇರಲಿ.

ನೀರು ನಿಲ್ತೈತಿ, ಹಾವಸಿ ಕಟ್ಟಿ ಜಾರ್ತೈತಿ

ಇದು ಎಲ್ಲಕಿಂತ ಸಣ್ಣ ದೋಷ, ರೊಕ್ಕನೂ ಕಡಿಮಿ, ಆದ್ರ ಬಿಟ್ರ ಮುಂದಿನ ಎಲ್ಲಾ ದೋಷಕ್ಕೂ ಇದೇ ತಾಯಿಬೇರು. ಬಕೆಟ್ ನೀರು ಅಂಗಳದ ಎತ್ತರದ ತುದಿಗೆ ನಿಧಾನಕ್ಕ ಸುರವಿ ಸುಮ್ನ ನಿಂತು ನೋಡ್ರಿ. ನೀರು ಗಟಾರ ಕಡಿ ಹೋಗಬೇಕು. ಗ್ವಾಡಿ ಕಡಿ ಹೋದ್ರ, ನಡುವ ನಿಂತ್ರ, ಇಳಿಜಾರು ತಪ್ಪೈತಿ ಅಂತ ಅರ್ಥ. ಲೆವೆಲ್ ಪೈಪ್ ಹಿಡಿದ್ರ ಹತ್ತಡಿಗೆ ಎರಡು ಇಂಚು ಇಳಿತಾ ಬರಬೇಕು, ಇಟ್ಟಂಗಿ ಮ್ಯಾಲೆ ಸಿಮೆಂಟ್ ನೆಲದಂಗ ನೀರು ಜಾರಂಗಿಲ್ಲ, ಅದಕ್ಕ ಸ್ವಲ್ಪ ಹೆಚ್ಚು ಇಳಿಜಾರು ಬೇಕು.

ಇಳಿಜಾರು ಸರಿ ಇದ್ದೂ ನೀರು ನಿಂತ್ರ ಹಳೆ ಮೋರಿ ಹುಡುಕ್ರಿ. ಎಷ್ಟೋ ವಾಡೆದಾಗ ಅಂಗಳದ ಮೂಲಿಗೆ ಕಲ್ಲಿನ ತೂತು ಇಟ್ಟು ನೀರು ಹೊರಗ ಹಾಕಿರ್ತಾರ, ಹೊರಗಿನ ರಸ್ತೆಗೆ ಸಿಸಿ ಹಾಕಿ ಹಾಕಿ ಎತ್ತರ ಆಗಿ ಆ ತೂತು ಮುಚ್ಚಿ ಹೋಗಿರ್ತೈತಿ. ಸಲಾಕಿ ಹಾಕಿ ಬಿಡಿಸಿದ್ರ ಅರ್ಧ ಕೆಲಸ ಮುಗೀತು. ರಸ್ತೆನೇ ಅಂಗಳಕಿಂತ ಎತ್ತರ ಆಗಿದ್ರ ಮಾತ್ರ ಬ್ಯಾರೆ ಕಡಿ ದಾರಿ ಮಾಡಬೇಕು, ಅದನ್ನ ಗೊತ್ತಿದ್ದವರನ್ನ ಕರೆಸಿ ಮಾಡಿಸ್ರಿ.

ಹಾವಸಿಗೆ ಒಣ ಬ್ರಷ್, ಬಿಸಿಲು, ಮ್ಯಾಲಿನ ಗಿಡದ ಟೊಂಗಿ ಸ್ವಲ್ಪ ಕಡಿಯೋದು, ಇಷ್ಟ ಸಾಕು. ಕಾರ್ ತೊಳಿಯೋ ಪ್ರೆಶರ್ ಮಷೀನ್ ತರಬ್ಯಾಡ್ರಿ. ಇಟ್ಟಂಗಿಗೆ ಭಟ್ಟಿದಾಗ ಸುಟ್ಟಾಗ ಮ್ಯಾಲೆ ಒಂದು ಗಟ್ಟಿ ಪದರ ಬಂದಿರ್ತೈತಿ, ಆ ಮಷೀನ್ ಅದನ್ನ ಕಿತ್ತು ಬಿಡ್ತೈತಿ, ಸಂದಿನ್ಯಾಗಿನ ಉಸುಕು ಸುಣ್ಣನೂ ಹಾರಿ ಹೋಗ್ತೈತಿ, ಆಮ್ಯಾಲೆ ಹಾವಸಿ ಮೊದಲಿಗಿಂತ ಜೋರ ಬರ್ತೈತಿ.

ಸಂದಿನ್ಯಾಗ ಹುಲ್ಲು, ಇರಿವಿ ಗೂಡು

ಗರಕಿ ಬಂದ್ರ ಬೇರು ಸಮೇತ ಕಿತ್ತು ಸಂದಿಗೆ ಮತ್ತ ಉಸುಕು ತುಂಬ್ರಿ, ಅಷ್ಟ. ಇರಿವಿ ಉಸುಕು ತಗದು ಮ್ಯಾಲೆ ಗುಡ್ಡಿ ಹಾಕಿದ್ರ ಸಂದಿ ಖಾಲಿ ಆಗಾಕತ್ತೈತಿ ಅಂತ ಎಚ್ಚರಿಕಿ. ಅರಳಿ, ಆಲದ ಸಸಿ ಕಂಡ್ರ ಮಾತ್ರ ಬೆರಳಷ್ಟು ಇದ್ದಾಗನೇ ತಗೀರಿ, ಮುಂದ ಅದು ಗ್ವಾಡಿಗೂ ಕೈ ಹಾಕ್ತೈತಿ.

ಬಿಳಿ ಉಪ್ಪು ಮೂಡೈತಿ

ಎಲ್ಲಾರೂ ಹೆಚ್ಚು ಕೇಳೋದು ಇದನ್ನ, ಮತ್ತ ಎಲ್ಲಾರೂ ಹೆಚ್ಚು ಕೆಡಿಸೋದೂ ಇಲ್ಲೇ. ಬಿಳಿ ಕಂಡ ಕೂಡಲೇ ಆಸಿಡ್ ಬಾಟಲಿ ತರ್ತಾರ. ದಯವಿಟ್ಟು ಬ್ಯಾಡ್ರಿ. ಬಚ್ಚಲ ತೊಳಿಯೋ ಆಸಿಡ್ ಸುಣ್ಣದ ಗಾರೆ ತಿಂತೈತಿ, ಇಟ್ಟಂಗಿ ಒಳಗ ಕ್ಲೋರೈಡ್ ಅನ್ನೋ ಇನ್ನೊಂದು ಉಪ್ಪು ಬಿಟ್ಟು ಹೋಗ್ತೈತಿ, ಅದರ ಹೊಗಿ ಕಣ್ಣಿಗೆ ಎದೆಗೆ ಕೆಟ್ಟದ್ದು.

ನಡೆಯೋದು ಏನಂದ್ರ, ಉಪ್ಪು ನೀರಿನ್ಯಾಗ ಕರಗಿ ಇಟ್ಟಂಗಿ ಒಳಗ ಹೋಗ್ತೈತಿ, ನಮ್ಮ ಬಿಸಿಲಿಗೆ ನೀರು ಆರಿ ಹೋಗ್ತೈತಿ, ಉಪ್ಪು ಹರಳಾಗಿ ಉಳೀತೈತಿ. ಹರಳು ಮ್ಯಾಲೆ ಬಂದ್ರ ಬರೀ ಬಿಳಿ ಪುಡಿ, ನೋಡಾಕ ಕೆಟ್ಟ ಅಷ್ಟ. ಒಳಗ ಕಟ್ಟಿದ್ರ ಇಟ್ಟಂಗಿ ಮುಖನೇ ಒಡದು ಬೀಳ್ತೈತಿ. ಅದಕ್ಕ ಮ್ಯಾಲೆ ಕಾಣೋ ಉಪ್ಪಿಗೆ ಹೆದರಬ್ಯಾಡ್ರಿ, ಅದನ್ನ ಒಳಗ ಕಟ್ಟಿ ಹಾಕೋ ಸೀಲರ್, ವಾರ್ನಿಶ್, ಎಪಾಕ್ಸಿಗೆ ಹೆದರ್ರಿ.

ಮೊದಲ ಎಲ್ಲೆಲ್ಲಿ ಐತಿ ನೋಡ್ರಿ. ಇಡೀ ಅಂಗಳಕ್ಕ ಒಂದೇ ಸಮ ತೆಳ್ಳಗ ಬಂದಿದ್ರ, ಹಾಸಿ ವರ್ಷ ತುಂಬಿಲ್ಲಾಂದ್ರ, ಅದು ಇಟ್ಟಂಗಿ ಮಣ್ಣಿನ್ಯಾಗ ಇದ್ದ ಉಪ್ಪು, ಒಣ ಕಸಬರಿಗಿಲೆ ಗುಡಿಸಿ ಆ ಪುಡಿ ಹೊರಗ ಚೆಲ್ಲಿದ್ರ ಬರಬರ್ತಾ ಕಡಿಮಿ ಆಗ್ತೈತಿ. ನೀರಿನಿಂದ ತೊಳದ್ರ ಅದೇ ಉಪ್ಪು ಕರಗಿ ಮತ್ತ ಒಳಗ ಹೋಗ್ತೈತಿ. ಸಂದಿ ಗುಂಟ ಗೆರಿ ಹೊಡದಂಗ ಬಂದಿದ್ರ ಸಿಮೆಂಟ್ ತುಂಬ್ಯಾರ ಅಂತ ನೋಡ್ರಿ. ಗ್ವಾಡಿ ಬುಡಕ್ಕ, ಬಚ್ಚಲ ಹತ್ರ, ಅಥವಾ ಒಂದೇ ಜಾಗಾದಾಗ ಕಲಿ ಕಲಿ ಆಗಿ ಬ್ಯಾಸಗಿಗೊಮ್ಮೆ ತಪ್ಪದ ಬಂದ್ರ ಅದು ನೆಲದಿಂದ ಏರ್ತಾ ಐತಿ. ಹಿಂದ ದನ ಕಟ್ಟತಿದ್ದ ಜಾಗಾ ಆಗಿದ್ರ ಹೇಳೋದೇ ಬ್ಯಾಡ, ಗಂಜಲ ತಲಿಮಾರುಗಟ್ಟಲೆ ಇಳಿದು ಮಣ್ಣಿನ್ಯಾಗ ನೈಟ್ರೇಟ್ ಉಪ್ಪಾಗಿ ಕುಂತಿರ್ತೈತಿ, ಮನಿ ಹಿರೇರನ್ನ ಕೇಳ್ರಿ, ಗ್ವಾದಲಿ ಎಲ್ಲಿತ್ತು ಅಂತ.

ನೆಲದಿಂದ ಏರ್ತಾ ಐತೋ ಇಲ್ಲೋ ಗೊತ್ತಾಗಾಕ ಪ್ಲಾಸ್ಟಿಕ್ ಹಾಳಿ ಪರೀಕ್ಷೆ. ಮಳಿ ಇಲ್ಲದ ದಿನ, ಇಟ್ಟಂಗಿ ಒಣಗಿದ್ದಾಗ, ಹಾಳಿ ಹಾಸಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಟೇಪು ಹಿಡೀಲಿಲ್ಲಂದ್ರ ಹಸಿ ಮಣ್ಣು ಬ್ಯಾಡ, ಒಣ ಉಸುಕಿನ ಚೀಲ ಇಟ್ಟು ಒಂದು ಹಗಲು ಒಂದು ರಾತ್ರಿ ಬಿಡ್ರಿ. ಮರುದಿನ ಹಾಳಿ ಒಳಗಿನ ಮೈ ಹಸಿ ಆಗಿದ್ರ, ಇಟ್ಟಂಗಿ ಬಣ್ಣ ದಟ್ಟ ಆಗಿದ್ರ ನೀರು ಕೆಳಗಿಂದ ಬರಾಕತ್ತೈತಿ. ಒಣಾ ಇದ್ರ ಮ್ಯಾಲಿನ ನೀರಿಂದ, ಅಂದ್ರ ನೀವೇ ಹಾಕೋ ನೀರಿಂದ.

ಈ ಎರಡನೇದನ್ನ ಭಾಳ ಮಂದಿ ಮರೀತಾರ. ದಿನಾ ಮುಂಜಾನಿ ಬೋರಿನ ಉಪ್ಪು ನೀರಿನಿಂದ ಅಂಗಳ ತೊಳದ್ರ ದಿನಾ ಒಂದೊಂದು ಚಿಟಿಕಿ ಉಪ್ಪು ನಾವೇ ಹಾಕಿದಂಗ. ತುಂಗಭದ್ರಾ ಕಾಲುವಿ ನೀರಾವರಿ ಭಾಗ, ಅಂದ್ರ ಗಂಗಾವತಿ ಕಾರಟಗಿ ಸಿಂಧನೂರು ಸಿರುಗುಪ್ಪ ಕಡಿ, ಭತ್ತದ ನೀರು ನಿಂತು ನಿಂತು ಎಷ್ಟೋ ಹೊಲ ಸವಳಾಗ್ಯಾವ, ಜಮೀನಿನ ನೀರೂ ಮ್ಯಾಲೆ ಬಂದೈತಿ. ಹೊಲಕ್ಕ ಬಂದ ಸವಳು ವಾಡೆ ಅಂಗಳ ಬಿಡಂಗಿಲ್ಲ. ಬೋರಿನ ನೀರು ಮತ್ತ ಅಂಗಳದ ಮಣ್ಣು ಎರಡನ್ನೂ ಮಣ್ಣು ಪರೀಕ್ಷೆ ಕೇಂದ್ರಕ್ಕ ಕೊಟ್ಟು ಇ.ಸಿ., ಅಂದ್ರ ಉಪ್ಪು ಎಷ್ಟೈತಿ ಅಂತ ತೋರಿಸೋ ವಿದ್ಯುತ್ ವಾಹಕತೆ, ನೋಡಸ್ರಿ, ಹೊಲಕ್ಕ ಮಾಡಿಸಿದಂಗನೇ, ರೊಕ್ಕ ಭಾಳ ಆಗಂಗಿಲ್ಲ.

ಉಪ್ಪು ತಗಿಯೋ ಕೆಲಸ ತಾಳ್ಮಿದು. ಮೊದಲು ನೀರಿನ ಮೂಲ ಬಂದ್ ಆಗಬೇಕು, ಇಲ್ಲಾಂದ್ರ ಮಾಡಿದ್ದೆಲ್ಲಾ ವ್ಯರ್ಥ. ಆಮ್ಯಾಲೆ ಒಣ ಬ್ರಷ್. ಅದಕ್ಕೂ ಹೋಗದ ಕಲಿಗೆ ಕಾಗದದ ಪಟ್ಟು ಹಾಕ್ರಿ: ಮುದ್ರಣ ಇಲ್ಲದ ಬಿಳಿ ಕಾಗದ ಅಥವಾ ಟಿಶ್ಯೂನ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರಿನ್ಯಾಗ ನೆನೆಸಿ ಕಿವುಚಿ, ರೊಟ್ಟಿ ಹಿಟ್ಟಿನ ಹದಕ್ಕ ಬಂದಾಗ ಇಟ್ಟಂಗಿ ಮ್ಯಾಲೆ ಅರ್ಧ ಇಂಚು ದಪ್ಪ ಒತ್ತಿ ಮೆತ್ತಿ, ನಡುವ ಗಾಳಿ ಉಳೀಬಾರದು, ಹಂಗ ಆರಾಕ ಬಿಡ್ರಿ. ಮೊದಲು ಕಾಗದದಾಗಿನ ನೀರು ಇಟ್ಟಂಗಿಗೆ ಇಳೀತೈತಿ, ಒಳಗಿನ ಉಪ್ಪು ಕರಗಸ್ತೈತಿ, ಆಮ್ಯಾಲೆ ಕಾಗದದ ಮ್ಯಾಲಿಂದ ಆರ್ತಾ ಆರ್ತಾ ಆ ಉಪ್ಪು ಕಾಗದಕ್ಕ ಬಂದು ಕುಂದರ್ತೈತಿ. ಪೂರ್ತಿ ಒಣಗಿ ಅಂಚು ಎದ್ದಾಗ ತಗದು ಚೆಲ್ರಿ, ಅದನ್ನ ಮತ್ತ ನೆನೆಸಿ ಹಾಕಬ್ಯಾಡ್ರಿ. ಒಂದೇ ಸಲಕ್ಕ ಹೋಗಂಗಿಲ್ಲ, ಮತ್ತ ಹೊಸಾದು ಹಾಕಬೇಕು.

ಎರಡು ಬ್ಯಾಸಗಿ ಹಿಂಗ ಮಾಡಿದ ಮ್ಯಾಲೂ ಅದೇ ಜಾಗಾದಾಗ ಅಷ್ಟ ಬಂದ್ರ, ಅಥವಾ ಉಪ್ಪು ಗ್ವಾಡಿ ಏರಾಕ ಶುರು ಆದ್ರ, ನಿಲ್ಲಿಸಿ ಹಳೆ ಕಟ್ಟಡ ಸಂರಕ್ಷಣೆ ಗೊತ್ತಿರೋ ಎಂಜಿನಿಯರ್ ಕರೀರಿ.

ಇಟ್ಟಂಗಿ ಮುಖ ಉದುರ್ತೈತಿ, ಪುಡಿ ಆಗ್ತೈತಿ

ಉದುರಿದ ಇಟ್ಟಂಗಿ ಬಿಟ್ಟು ಮೊದಲು ಸಂದಿ ನೋಡ್ರಿ. ಸಂದಿ ಗಟ್ಟಿ ಬೂದು ಬಣ್ಣದ ಸಿಮೆಂಟ್ ಇದ್ದು ಇಟ್ಟಂಗಿ ತಗ್ಗಾಗಿ ಸಂದಿ ಎತ್ತರ ಉಳಿದಿದ್ರ ಬ್ಯಾರೆ ಏನೂ ಹುಡುಕೋದು ಬ್ಯಾಡ. ಸಿಮೆಂಟ್ ನೀರು ಉಸಿರಾಡಾಕ ಬಿಡಂಗಿಲ್ಲ, ಎಲ್ಲಾ ತೇವ ಇಟ್ಟಂಗಿ ಮೂಲಕನೇ ಹೊರಗ ಬರಬೇಕಾಗ್ತೈತಿ, ಉಪ್ಪು ಅದರಾಗೇ ಕಟ್ತೈತಿ. ಸುಣ್ಣದ ಗಾರೆ ಇದ್ರ ತೇವ ಸಂದಿಯಿಂದ ಹೋಗ್ತೈತಿ, ಕೆಟ್ರೂ ಗಾರೆ ಕೆಡ್ತೈತಿ, ಅದನ್ನ ಮತ್ತ ತುಂಬಬಹುದು. ಹಳೆ ಮಂದಿ ಗಾಣದಾಗ ಅರದು ಸುಣ್ಣ ಮಾಡ್ತಿದ್ದು ಸುಮ್ನ ಅಲ್ಲ.

ಸಿಮೆಂಟ್ ತಗಿಯೋದು ಚಾಣ ಸುತ್ತಿಗಿಲೆ ನಿಧಾನಕ್ಕ. ಗ್ರೈಂಡರ್ ಹಚ್ಚಿದ್ರ ಇಟ್ಟಂಗಿ ಅಂಚು ಹೋಗ್ತೈತಿ, ಆ ಧೂಳಿನ್ಯಾಗ ಸಿಲಿಕಾ ಇರ್ತೈತಿ, ಶ್ವಾಸಕೋಶಕ್ಕ ಕಾಯಂ ಪೆಟ್ಟು. ಕತ್ತರಿಸಲೇಬೇಕಂದ್ರ ನೀರು ಬಿಟ್ಕೊಂತ ಕತ್ತರಿಸ್ರಿ, ಬರೀ ಟವಲ್ ಕಟ್ಟಿದ್ರ ಸಾಲಂಗಿಲ್ಲ, ಎನ್95 ಮಾಸ್ಕ್ ಬೇಕು.

ಸಂದಿ ಸುಣ್ಣದ್ದೇ ಇದ್ದು ಅಲ್ಲೊಂದು ಇಲ್ಲೊಂದು ಇಟ್ಟಂಗಿ ಮಾತ್ರ ಪುಡಿ ಆಗಿದ್ರ ಅದು ಅರೆಬೆಂದ ಇಟ್ಟಂಗಿ. ಉಗುರಿಂದ ಗೀರಿದ್ರ ಗೆರಿ ಬೀಳ್ತೈತಿ, ಎರಡನ್ನ ಒಂದಕ್ಕೊಂದು ಬಡದ್ರ ಖಣ್ ಅನ್ನೋ ಬದಲು ದಪ್ ಅಂತೈತಿ. ಸಣ್ಣ ದುಂಡನೆ ತಗ್ಗು ಬಿದ್ದು ತಳದಾಗ ಬಿಳಿ ಚುಕ್ಕಿ ಕಂಡ್ರ ಕಾರಣ ಬ್ಯಾರೆ, ಮಣ್ಣಿನ್ಯಾಗ ಸುಣ್ಣಕಲ್ಲಿನ ಹರಳು ಇತ್ತು, ಭಟ್ಟಿದಾಗ ಸುಟ್ಟು ಹಸಿ ಸುಣ್ಣ, ಅಂದ್ರ ಇನ್ನೂ ನೀರು ತಾಗದ ಸುಟ್ಟ ಸುಣ್ಣ, ಆತು, ಮಳಿ ನೀರು ತಾಗಿ ಅರಳಿ ಸಿಡೀತು. ನಮ್ಮ ಎರಿ ಮಣ್ಣಿನ್ಯಾಗ ಈ ಹರಳು ಭಾಳ. ಅಂಥಾ ಇಟ್ಟಂಗಿ ಕೆಲವೇ ಇದ್ರ ಬದಲಿಸ್ರಿ, ಎಲ್ಲಾ ಹಂಗೇ ಇದ್ರ ಆ ಭಟ್ಟಿ ಮಾಲು ಬಿಡ್ರಿ.

ಹಳೆ ಇಟ್ಟಂಗಿ ಎಸಿಯೋ ಮೊದಲ ಮಗುಚಿ ನೋಡ್ರಿ. ಎಷ್ಟೋ ಸಲ ಕೆಳಗಿನ ಮೈ ಹೊಸಾದರಂಗ ಇರ್ತೈತಿ, ತಿರುವಿ ಹಾಸಿದ್ರ ಹಳೆ ಬಣ್ಣ ಹಳೆ ಅಳತಿ ಎರಡೂ ಉಳೀತಾವ. ಹೊಸಾ ಇಟ್ಟಂಗಿ ತರಲೇಬೇಕಂದ್ರ ನಾಲ್ಕೈದು ಮಾದರಿ ಮೊದಲ ಮನಿಗೆ ತನ್ರಿ. ಒಣಗಿಸಿ ತೂಕ ಮಾಡಿ, 24 ತಾಸು ನೀರಿನ್ಯಾಗ ಮುಳುಗಿಸಿಟ್ಟು ಮತ್ತ ತೂಕ ಮಾಡ್ರಿ. ಭಾರತೀಯ ಮಾನಕ ಐಎಸ್ 1077 ಪ್ರಕಾರ ಸಾದಾ ಇಟ್ಟಂಗಿ ತನ್ನ ತೂಕದ ನೂರಕ್ಕ 20ಕ್ಕಿಂತ ಹೆಚ್ಚು ನೀರು ಕುಡೀಬಾರದು, ಮ್ಯಾಲಿನ ದರ್ಜೆಗೆ 15. ಅಂದ್ರ ಮೂರು ಕಿಲೋ ಇಟ್ಟಂಗಿ 600 ಗ್ರಾಂ ಒಳಗ. ಇನ್ನೊಂದನ್ನ ತಾಟಿನ್ಯಾಗ ಒಂದಿಂಚು ಡಿಸ್ಟಿಲ್ಡ್ ನೀರು ಹಾಕಿ ಉದ್ದಕ ನಿಲ್ಲಿಸ್ರಿ, ನೀರು ಆರಿದ ಮ್ಯಾಲೆ ಮತ್ತೊಮ್ಮೆ ಅಷ್ಟೇ ಹಾಕಿ ಆರಿಸ್ರಿ. ಹತ್ತರಾಗ ಒಂದು ಪಾಲು ಮೈಗೆ ಬಿಳಿ ಬಂದ್ರ ನಡೀತೈತಿ, ಅರ್ಧ ಮೈ ದಾಟಿದ್ರ ಅಂಗಳಕ್ಕ ಬ್ಯಾಡ.

ಶಕ್ತಿನಗರ, ಕುಡಿತಿನಿ ವಿದ್ಯುತ್ ಸ್ಥಾವರಗಳ ಕಾರಣಕ್ಕ ನಮ್ಮ ಕಡಿ ಬೂದಿ ಇಟ್ಟಂಗಿ, ಅಂದ್ರ ಫ್ಲೈಆಶ್, ಸುಲಭ ಸಿಗ್ತಾವ. ಗ್ವಾಡಿಗೆ ಅಡ್ಡಿ ಇಲ್ಲ, ಆದ್ರ ಹಳೆ ಹಾಸಿನ ನಡುವ ಹಾಕಿ ಕೆಂಪು ಬಣ್ಣ ಬಳದ್ರ ಬಣ್ಣ ಸವದು ಬೂದು ಕಾಣ್ತೈತಿ, ಸುಟ್ಟ ಮಣ್ಣಿನ ಗುಣ ಅದಕ್ಕ ಬರಂಗಿಲ್ಲ.

ಸುಣ್ಣ ಕಲಸೋವಾಗ ಒಂದು ಮಾತು. ಹಸಿ ಸುಣ್ಣಕ್ಕ ನೀರು ಹಾಕಿದ್ರ ಕುದೀತೈತಿ, ಸಿಡೀತೈತಿ. ಹುಡುಗ್ರನ್ನ ದೂರ ಇಡ್ರಿ, ಕನ್ನಡಕ ಹಾಕ್ಕೊಳ್ರಿ. ಕಣ್ಣಿಗೆ ಬಿದ್ರ ಉಜ್ಜಬ್ಯಾಡ್ರಿ, ಸ್ವಚ್ಛ ನೀರು ಇಪ್ಪತ್ತು ನಿಮಿಷ ಬಿಡ್ಕೊಂತ ಇದ್ದು ಸೀದಾ ದವಾಖಾನಿಗೆ.

ಉಬ್ಬಿ ಏಳ್ತೈತಿ, ಬ್ಯಾಸಗ್ಯಾಗ ಬಿರಿ ಬಿಡ್ತೈತಿ

ಮಳಿಗಾಲದಾಗ ಉಬ್ಬಿ, ಬ್ಯಾಸಗ್ಯಾಗ ಇಳಿದು ಸಂದಿ ಬಾಯಿ ಬಿಟ್ರ ಕೆಳಗ ಎರಿ ಮಣ್ಣು ಐತಿ. ಖಾತ್ರಿ ಮಾಡ್ಕೊಳ್ಳಾಕ ಒಂದು ಇಟ್ಟಂಗಿ ಎಬ್ಬಿಸಿ ಕೆಳಗಿನ ಮಣ್ಣು ತಗದು ಒಣಗಿಸಿ, ಕುಟ್ಟಿ, ಸಣ್ಣಗ ಜರಡಿ ಹಿಡೀರಿ. ಒಂದೇ ನಮೂನಿ ಎರಡು ಗಾಜಿನ ಗ್ಲಾಸಿನ್ಯಾಗ ಅಷ್ಟಷ್ಟೇ ಪುಡಿ ಹಾಕಿ, ಒಂದಕ್ಕ ನೀರು, ಇನ್ನೊಂದಕ್ಕ ಸೀಮಿಎಣ್ಣಿ ತುಂಬಿ, ಕದಡಿ ಒಂದು ದಿನ ಬಿಡ್ರಿ. ಸೀಮಿಎಣ್ಣಿನ್ಯಾಗ ಎರಿ ಮಣ್ಣು ಉಬ್ಬಂಗಿಲ್ಲ, ನೀರಿನ್ಯಾಗ ಉಬ್ಬತೈತಿ. ನೀರಿನ ಗ್ಲಾಸಿನ್ಯಾಗ ಮಣ್ಣು ಸೀಮಿಎಣ್ಣಿ ಗ್ಲಾಸಿನ ಮಣ್ಣಿಗಿಂತ ಅರ್ಧ ಪಟ್ಟಿಗೂ ಹೆಚ್ಚು ಏರಿ ನಿಂತ್ರ ಬರೀ ಇಟ್ಟಂಗಿ ಬದಲಿಸಿ ಉಪಯೋಗ ಇಲ್ಲ. ಸ್ವಲ್ಪ ಆಳ ಎರಿ ತಗದು ಗರಸು ತುಂಬಿ, ಪದರ ಪದರ ನೀರು ಹಾಕಿ ದಿಮ್ಮಸು ಹೊಡೀಬೇಕು, ಎಷ್ಟು ಆಳ ಅನ್ನೋದು ಎಂಜಿನಿಯರ್ ಹೇಳಬೇಕು, ಯಾಕಂದ್ರ ಗ್ವಾಡಿ ಪಾಯದ ಮಗ್ಗಲ ಅಗದ್ರ ಗ್ವಾಡಿಗೆ ಅಪಾಯ.

ಉಬ್ಬು ಒಂದು ಗೆರಿ ಹಿಡದಂಗ ಗಿಡದ ಕಡಿಯಿಂದ ಬಂದ್ರ ಅದು ಬೇರು. ದಪ್ಪ ಬೇರು ಕಡಿಬ್ಯಾಡ್ರಿ, ಬೇವಿನ ಮರ ಗಾಳಿಗೆ ಬಿದ್ರ ಅಂಗಳಕಿಂತ ದೊಡ್ಡ ನಷ್ಟ. ಬುಡದ ಸುತ್ತ ಹಾಸು ಬಿಟ್ಟು ಮಣ್ಣೇ ಇರಲಿ.

ಅಂಗಳದ ಬಿರುಕು ಗ್ವಾಡಿಗೂ ಮುಂದುವರದಿದ್ರ ಇಟ್ಟಂಗಿ ಕೆಲಸ ಅಲ್ಲಿಗೇ ನಿಲ್ಲಿಸ್ರಿ.

ಕುಸಿದೈತಿ, ಕಾಲಿಟ್ರ ಅಲುಗಾಡ್ತೈತಿ

ಎರಡು ಗೆರಿ ಸಮಾನಾಗಿ ತಗ್ಗಾಗಿದ್ರ ಅದು ಗಾಡಿ ಚಕ್ರ. ಹಳೆ ಹಾಸು ಮಂದಿ ಓಡಾಡಾಕ, ಹೆಚ್ಚಂದ್ರ ಎತ್ತಿನ ಬಂಡಿಗೆ ಮಾಡಿದ್ದು, ಈಗ ಟ್ರ್ಯಾಕ್ಟರ್ ಒಳಗ ಬರ್ತೈತಿ. ಗಾಡಿ ಹೊರಗ ನಿಲ್ಲಸ್ರಿ, ಆಗಲ್ಲಂದ್ರ ಆ ದಾರಿಗೆ ಮಾತ್ರ ಇಟ್ಟಂಗಿ ಮಗ್ಗಲಾಗಿ ನಿಲ್ಲಿಸಿ ಹಾಸಿ ಕೆಳಗ ಆರು ಇಂಚು ಗರಸು ಗಟ್ಟಿ ಮಾಡ್ರಿ.

ಅಂಚಿಗೆ ಸರದಿದ್ರ ಅಂಚಿನ ಕಲ್ಲು ಸಡಲಾಗೈತಿ, ಅದನ್ನ ಕೂಡಿಸಿ ಉಸುಕು ತುಂಬಿದ್ರ ಸಾಕು. ನಳದ ಪೈಪ್ ಗುಂಟ ಕುಸಿದಿದ್ರ ಸೋರಿಕಿ: ಎಲ್ಲಾ ನಳ ಬಂದ್ ಮಾಡಿ ಟಾಕಿ ಮಟ್ಟ ಗುರುತು ಹಾಕಿ ರಾತ್ರಿ ಬಿಡ್ರಿ, ಮುಂಜಾನಿ ಇಳಿದಿದ್ರ ಗೊತ್ತಾತು. ಹೆಗ್ಗಣದ ಬಿಲ ಇದ್ರ ಬಾಯಿ ಹೊರಗ ಎಲ್ಲೋ ಹಸಿ ಮಣ್ಣಿನ ಗುಡ್ಡಿ ಆಗಿ ಕಾಣ್ತೈತಿ.

ಇದ್ಯಾವುದೂ ಅಲ್ಲ, ಅಂಗಳದ ನಡುವ ದುಂಡಗ ತಗ್ಗು ಬೀಳಾಕತ್ತೈತಿ, ಕಟಗಿ ಸುತ್ತಿಗಿಲೆ ಬಡದ್ರ ಡೊಳ್ ಅಂತೈತಿ, ಸಲಾಕಿ ತಡೀದ ಒಳಗ ಇಳೀತೈತಿ ಅಂದ್ರ ಅಲ್ಲೇ ನಿಲ್ರಿ, ಹಿಂದ ಸರೀರಿ. ಅದು ಹಳೆ ಹಗೇವು ಇರಬಹುದು. ಜ್ವಾಳ ತುಂಬಿಡಾಕ ವಾಡೆ ಅಂಗಳದಾಗ, ಅಗಸಿ ಮುಂದ ಹಗೇವು ತೋಡೋದು ನಮ್ಮ ಕಡಿ ಪದ್ಧತಿ, ಬಾಯಿ ಸಣ್ಣದು ಹೊಟ್ಟಿ ದೊಡ್ಡದು, ಆಳು ಮುಳುಗೋ ಆಳ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಹಾಕಿದ್ದನ್ನ ಮುಂದಿನವ್ರು ಮರತಿರ್ತಾರ, ಮ್ಯಾಲೆ ಈಗ ನಾವು ಹಾಸು ಹಾಕಿರ್ತೀವಿ. ಸುತ್ತ ಹಗ್ಗ ಕಟ್ರಿ, ಹುಡುಗ್ರು ದನ ಯಾರೂ ಹೋಗಬಾರದು. ಬಾಯಿ ತೆರದ್ರ ಏನೇ ಆಗಲಿ ಒಳಗ ಇಳೀಬ್ಯಾಡ್ರಿ, ಮುಚ್ಚಿದ ಹಗೇವಿನ್ಯಾಗ ಆಮ್ಲಜನಕ ಇರಂಗಿಲ್ಲ, ಇಂಗಾಲದ ಡೈಆಕ್ಸೈಡ್ ತಳದಾಗ ಕುಂತಿರ್ತೈತಿ, ವಾಸನಿನೂ ಬರಂಗಿಲ್ಲ, ಇಳದವ ಕ್ಷಣದಾಗ ಬೀಳ್ತಾನ, ಎತ್ತಾಕ ಹೋದವನೂ ಬೀಳ್ತಾನ. ದೀಪ ಇಳಿಸಿ ನೋಡಿದೆವು, ಆರಲಿಲ್ಲ ಅಂತ ಇಳಿಯೋದೂ ತಪ್ಪು. ಯಾರಾದ್ರೂ ಬಿದ್ದಿದ್ರ 112ಕ್ಕ ಫೋನ್ ಮಾಡಿ ಅಗ್ನಿಶಾಮಕದವರನ್ನ ಕರೆಸ್ರಿ.

ಎಂಜಿನಿಯರ್ ನೋಡಿದ ಮ್ಯಾಲೆ ತುಂಬೋದೋ ಉಳಿಸೋದೋ ತೀರ್ಮಾನ ಮಾಡ್ರಿ. ಉಳಿಸ್ರಿ ಅಂತ ನನ್ನ ಬೇಡಿಕಿ, ಬಾಯಿಗೆ ಗಟ್ಟಿ ಕಲ್ಲಿನ ಮುಚ್ಚಳ ಹಾಕಿ ಸುತ್ತ ಇಟ್ಟಂಗಿ ದುಂಡಗ ಹಾಸಿದ್ರ ವಾಡೆ ಇತಿಹಾಸದ ಒಂದು ತುಣುಕು ಕಣ್ಣ ಮುಂದ ಉಳೀತೈತಿ. ಅಗಿಯೋವಾಗ ಶಾಸನದ ಕಲ್ಲು, ನಾಣ್ಯ, ಮೂರ್ತಿ ಸಿಕ್ರ ತೊಳಿಬ್ಯಾಡ್ರಿ, ಇದ್ದಲ್ಲೇ ಫೋಟೋ ಹೊಡದು ತಹಶೀಲ್ದಾರ್ ಕಚೇರಿಗೆ ತಿಳಸ್ರಿ. ನಿಮ್ಮ ವಾಡೆ ಕೇಂದ್ರ ಪುರಾತತ್ವ ಇಲಾಖೆ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ರ, ಅಥವಾ ಅದರಾಚಿನ 200 ಮೀಟರ್‌ದಾಗ ಇದ್ರ, ಸಲಾಕಿ ಹಾಕೋ ಮೊದಲೇ ಅನುಮತಿ ಕೇಳಬೇಕು. ಆನೆಗುಂದಿ ಕಡಿ ಆಗಿದ್ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಾಗೂ ಕೇಳ್ರಿ, ಅರ್ಜಿ ಜೊತಿ ಆ ತಾರೀಖಿನ ಫೋಟೋ ಇಟ್ರ ಏನು ಕೆಟ್ಟೈತಿ ಅಂತ ಹೇಳೋದು ಸುಲಭ ಆಗ್ತೈತಿ.